ಫೈನಾನ್ಸ್ ಪಿಎಚ್‌ಡಿ ಇವಳಿಗೆ ಆಗತ್ತಾ? ಒಂದು ಕೇಸಿನ ಪೂರ್ತಿ ಕಥೆ

ಈ ಕೇಸು ನನ್ನ ಚಿಕ್ಕಮ್ಮನ ಮಗಳದ್ದು. ಅವಳನ್ನ ಕೇಳೇ ಬರೀತಿದೀನಿ, ಹೆಸರು ಮಾತ್ರ ಹಾಕ್ಬೇಡ ಅಂದಿದಾಳೆ, ಹಾಗಾಗಿ ಇಲ್ಲಿ ತಂಗಿ ಅಂತಲೇ ಇರ್ಲಿ. ವಯಸ್ಸು 28, ಊರು ಉಡುಪಿ ಹತ್ರ, ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಲ್ಲಿ ಒಂದು ವಿದೇಶಿ ಬ್ಯಾಂಕಿನ ರಿಸ್ಕ್ ಟೀಮಲ್ಲಿ ಕೆಲಸ ಮಾಡ್ತಿದ್ಲು, ಸಿಎಫ್ಎ (ಹೂಡಿಕೆ, ಫೈನಾನ್ಸ್ ಕೆಲಸದೋರು ಬರೆಯೋ ಪರೀಕ್ಷೆ) ಮೂರು ಲೆವೆಲ್ಲೂ ಆಗಿದೆ, ಪೈಥಾನ್ ಚೆನ್ನಾಗಿ ಬರತ್ತೆ, ಮಾರ್ಕ್ಸ್ ಕಾರ್ಡಲ್ಲಿ ಬೆರಳಿಟ್ಟು ತೋರಿಸೋ ಹಾಗೆ ಕೊರತೆ ಏನೂ ಇಲ್ಲ. ಕೆಲಸ ಬಿಟ್ಟು ಅಮೆರಿಕಾದಲ್ಲಿ ಫೈನಾನ್ಸ್ ಪಿಎಚ್‌ಡಿ ಮಾಡ್ಬೇಕು ಅಂತ ತಲೆಗೆ ಹೊಕ್ಕಿತ್ತು, ಅದಾಗದಿದ್ರೆ ಇಲ್ಲೇ ಐಐಎಂ ಆದ್ರೂ ಸರಿ. ನಾನು ಇದೇ ಸಬ್ಜೆಕ್ಟಲ್ಲಿ ಪಿಎಚ್‌ಡಿ ಮುಗಿಸಿ ಪಾಠ ಮಾಡ್ತಿರೋನು, ಅದಕ್ಕೇ ನನ್ನ ಹತ್ರ ಬಂದ್ಲು. "ಅಣ್ಣ, ನಂಗಿದು ಆಗತ್ತಾ ಇಲ್ವಾ, ಸುತ್ತಿ ಬಳಸದೆ ಹೇಳ್ಬಿಡು" ಅಂದ್ಲು.

ಕೂತಲ್ಲೇ ಹೇಳೋಕೆ ಆಗಲ್ಲ, ಮಾರ್ಕ್ಸ್ ಕಾರ್ಡ್ ನೋಡಿದ್ರಂತೂ ಏನೂ ಗೊತ್ತಾಗಲ್ಲ. ಒಳ್ಳೆ ಮಾರ್ಕ್ಸ್ ಇದ್ದೋರೇ ಮೂರನೇ ವರ್ಷದಲ್ಲಿ ಬಿಟ್ಟು ಹೋಗಿದ್ದನ್ನ ನೋಡಿದೀನಿ. ಸರಿ, ಕೆಲಸ ಬಿಡ್ಬೇಡ, ಸಂಜೆ ವೀಕೆಂಡಲ್ಲಿ ಪಿಎಚ್‌ಡಿಲಿ ಮಾಡೋ ಕೆಲಸಾನೇ ಸಣ್ಣದಾಗಿ ಮಾಡಿ ನೋಡು, ಆಮೇಲೆ ಮಾತಾಡೋಣ ಅಂದೆ. ಮುಂದೆ ಏನೇನಾಯ್ತು ಅಂತ ಬರೀತೀನಿ.

ಅವಳು ಕೊಟ್ಟ ಕಾರಣಗಳು

ಮೊದಲನೇದು, ಮಾರ್ಕೆಟ್ ಅಂದ್ರೆ ಇಷ್ಟ. ಇದನ್ನ ಹೇಳದೇ ಇರೋ ಕ್ಯಾಂಡಿಡೇಟೇ ಇಲ್ಲ ಅನ್ನಿ. ಆದ್ರೆ ಫೈನಾನ್ಸ್ ಪಿಎಚ್‌ಡಿಲಿ ಯಾವ ಶೇರು ತಗೋಬೇಕು ಅಂತ ಯಾರೂ ಕಲಿಸಲ್ಲ. ಎಲ್ಲಾ ಶೇರುಗಳ ಬೆಲೆ ಯಾಕೆ ಹೀಗಿದೆ, ಕೆಲವು ಥರದ ಶೇರು ವರ್ಷಗಟ್ಟಲೆ ಜಾಸ್ತಿ ರಿಟರ್ನ್ ಯಾಕೆ ಕೊಡ್ತಾವೆ, ಅದು ರಿಸ್ಕಿಗೆ ಸಿಗೋ ಕೂಲಿನಾ ಅಥವಾ ಜನರ ತಪ್ಪು ಲೆಕ್ಕಾಚಾರನಾ, ಜಗಳ ನಡಿಯೋದು ಇಂಥದ್ರ ಮೇಲೆ. 2013ರ ಎಕನಾಮಿಕ್ಸ್ ನೊಬೆಲ್ ಫಾಮಾ, ಶಿಲ್ಲರ್, ಹ್ಯಾನ್ಸನ್ ಮೂರೂ ಜನಕ್ಕೆ ಒಟ್ಟಿಗೆ ಬಂತು, ಅದ್ರಲ್ಲಿ ಫಾಮಾ ಮಾರ್ಕೆಟ್ ಬೆಲೆನ ನಂಬೋರು, ಶಿಲ್ಲರ್ ಅದೇ ಬೆಲೆ ಅತಿಯಾಗಿ ಕುಣಿಯತ್ತೆ ಅನ್ನೋರು, ಅಂದ್ರೆ ಫೀಲ್ಡಿನ ಬುಡದಲ್ಲೇ ಇನ್ನೂ ತೀರ್ಮಾನ ಆಗಿಲ್ಲ. ಈ ತೀರ್ಮಾನ ಆಗದೇ ಇರೋದೇ ಖುಷಿ ಕೊಡತ್ತೆ ಅನ್ನೋರು ಬರ್ಬೇಕು. ದುಡ್ಡು ಮಾಡೋಕೆ ಟ್ರೇಡಿಂಗ್ ಕಲೀಬೇಕು ಅನ್ನೋರಿಗೆ ಇದು ಊರೆಲ್ಲಾ ಸುತ್ತಿ ಪಕ್ಕದ ಮನೆಗೆ ಹೋಗೋ ದಾರಿ.

ಎರಡನೇದು, ಈಗಿನ ಕೆಲಸ ಬೋರು. ಇಲ್ಲಿ ನಾನು ಸ್ವಲ್ಪ ಕಟುವಾಗೇ ಹೇಳ್ದೆ. ಆಫೀಸಲ್ಲಿ ಬೋರಾದ್ರೆ ಸಂಬಳ ಬರತ್ತೆ, ಸಂಜೆ ಆರಕ್ಕೆ ಲ್ಯಾಪ್‌ಟಾಪ್ ಮುಚ್ಚಬಹುದು. ಪಿಎಚ್‌ಡಿಲಿ ಒಂದು ಡೇಟಾ ಸೆಟ್ಟಲ್ಲಿ ಕಂಪನಿ ಹೆಸರು ಮೂರು ಥರ ಸ್ಪೆಲ್ಲಿಂಗಲ್ಲಿ ಇರೋದನ್ನ ಸರಿ ಮಾಡ್ತಾ ತಿಂಗಳುಗಟ್ಟಲೆ ಕೂತಿರ್ಬೇಕು, ಆಮೇಲೆ ರಿಸಲ್ಟ್ ಏನೂ ಇಲ್ಲ ಅಂತ ಬಂದ್ರೆ ಅದನ್ನ ಹಾಗೇ ಬಿಟ್ಟು ಇನ್ನೊಂದು ಹಿಡೀಬೇಕು.

ಮೂರನೇದು, ಪ್ರೊಫೆಸರ್ ಜೀವನ ಆರಾಮು. ನಗು ಬಂತು, ಬಿಡಿ.

ಮಾತು ಮುಗಿಯೋ ಹೊತ್ತಿಗೆ, ಅದೂ ಕಾರಣ ಅಂತಲ್ಲ, ಸುಮ್ನೆ ಹೇಳಿದ್ದು ಇನ್ನೊಂದಿತ್ತು. ಅವಳ ಸೋದರಮಾವಂದು ಊರಲ್ಲಿ ಸಣ್ಣ ಹಾರ್ಡ್‌ವೇರ್ ಅಂಗಡಿ, ಇಪ್ಪತ್ತು ವರ್ಷದಿಂದ ವಿಜಯಾ ಬ್ಯಾಂಕಲ್ಲಿ ಓಡಿ ಲಿಮಿಟ್ಟು (ಓವರ್‌ಡ್ರಾಫ್ಟು, ಒಂದು ಮಿತಿ ತನಕ ಬೇಕಾದಾಗ ತಗೊಂಡು ಕಟ್ಟೋ ಸಾಲ). ಬ್ಯಾಂಕ್ ಆಫ್ ಬರೋಡಾ ಜೊತೆ ವಿಲೀನ ಆದ್ಮೇಲೆ ಲಿಮಿಟ್ ರಿನ್ಯೂವಲ್ಲಿಗೆ ಓಡಾಡಿ ಸಾಕಾಯ್ತಂತೆ, ಮೊದಲಿದ್ದ ಮ್ಯಾನೇಜರಿಗೆ ಮಾವನ ಅಂಗಡಿ, ಮಳೆಗಾಲದಲ್ಲಿ ವ್ಯಾಪಾರ ಇಳಿಯೋದು, ಎಲ್ಲಾ ಗೊತ್ತಿತ್ತು, ಹೊಸಬರಿಗೆ ಪೇಪರಲ್ಲಿ ಇದ್ದಿದ್ದಷ್ಟೇ ಗೊತ್ತು. "ಇದು ನಮ್ಮ ಮಾವಂದು ಮಾತ್ರನಾ, ಅಥವಾ ಆ ಕಡೆ ಎಲ್ಲರಿಗೂ ಹೀಗೇ ಆಯ್ತಾ ಅಂತ ನಂಗೆ ಆವಾಗಿಂದ ತಲೆಲಿ ಕೊರೀತಿದೆ" ಅಂದ್ಲು.

ಮೂರು ಕಾರಣನೂ ಪಕ್ಕಕ್ಕಿಡು, ಇದನ್ನ ಹಿಡಿ ಅಂದೆ.

ಮೊದಲು ಗಣಿತದ ಕಥೆ ಮುಗಿಸ್ತೀನಿ

ಯಾಕಂದ್ರೆ ಇದು ಚಿಕ್ಕದು. ಅಮೆರಿಕಾದ ಪ್ರೋಗ್ರಾಮುಗಳು ಸುಮಾರು ಐದು ವರ್ಷದ್ದು, ಈಗೀಗ ಆರೂ ಆಗತ್ತೆ. ಒಂದು ಡಿಪಾರ್ಟ್‌ಮೆಂಟಲ್ಲಿ ವರ್ಷಕ್ಕೆ ತಗೊಳೋದು ಬೆರಳೆಣಿಕೆ ಜನ. ಫೀಸ್ ಇಲ್ಲ, ಸ್ಟೈಪೆಂಡ್ ಕೊಡ್ತಾರೆ, ಅದಕ್ಕೆ ಟೀಚಿಂಗ್ ಅಥವಾ ರಿಸರ್ಚ್ ಅಸಿಸ್ಟೆಂಟ್ ಕೆಲಸ ಮಾಡ್ಬೇಕು. ಮೊದಲ ವರ್ಷ ಬಹುತೇಕ ಕಡೆ ಎಕನಾಮಿಕ್ಸ್ ಪಿಎಚ್‌ಡಿ ಮಾಡೋರ ಜೊತೆನೇ ಮೈಕ್ರೋ, ಎಕನಾಮೆಟ್ರಿಕ್ಸ್ (ಎಕನಾಮಿಕ್ಸ್ ಡೇಟಾದ ಸ್ಟ್ಯಾಟಿಸ್ಟಿಕ್ಸು) ಕ್ಲಾಸಲ್ಲಿ ಕೂರಿಸ್ತಾರೆ, ಆಮೇಲೆ ಅಸೆಟ್ ಪ್ರೈಸಿಂಗು (ಶೇರು ಥರದವಕ್ಕೆ ಬೆಲೆ ಹೇಗೆ ಬರತ್ತೆ ಅನ್ನೋದು), ಕಾರ್ಪೊರೇಟ್ ಫೈನಾನ್ಸು, ಅದೆಲ್ಲಾ ಆದ್ಮೇಲೆ ಕ್ವಾಲಿಫೈಯಿಂಗ್ ಎಕ್ಸಾಮು, ಅದ್ರಲ್ಲಿ ಫೇಲಾದ್ರೆ ಮನೆಗೆ.

ಸಿಎಫ್ಎ ಆಗಿದೆ ಅನ್ನೋ ಧೈರ್ಯದಲ್ಲಿದ್ಲು. ಸಿಎಫ್ಎಲಿ ಕ್ಯಾಪಿಟಲ್ ಸ್ಟ್ರಕ್ಚರ್ (ಕಂಪನಿ ದುಡ್ಡಲ್ಲಿ ಸಾಲ ಎಷ್ಟು, ಶೇರು ಎಷ್ಟು ಅನ್ನೋದು) ಕೊಟ್ಟು ಡಬ್ಲ್ಯುಎಸಿಸಿ (ಆ ದುಡ್ಡಿನ ಸರಾಸರಿ ಖರ್ಚು) ಲೆಕ್ಕ ಹಾಕು ಅಂತಾರೆ. ಇಲ್ಲಿ 1958ರ ಮೊಡಿಗ್ಲಿಯಾನಿ-ಮಿಲ್ಲರ್ ಥಿಯರಮ್ಮಿಂದ ಶುರು, ಕಂಪನಿ ಸಾಲ ಮಾಡಿದ್ರೂ ಶೇರು ಮಾರಿದ್ರೂ ಅದರ ಒಟ್ಟು ಬೆಲೆ ಬದಲಾಗಲ್ಲ ಅಂತ ಪ್ರೂವ್ ಮಾಡು, ಆಮೇಲೆ ಅದು ನಿಜ ಆಗಬೇಕಾದ್ರೆ ಏನೇನು ಒಪ್ಕೋಬೇಕು, ಯಾವುದನ್ನ ಕಿತ್ತು ಹಾಕಿದ್ರೆ ಎಲ್ಲಿ ಮುರಿಯತ್ತೆ ಅಂತ ಹೇಳು ಅಂತಾರೆ. ಎರಡಕ್ಕೂ ಬೇರೆ ಬೇರೆ ತಲೆ ಬೇಕು.

ಒಂದು ಸಣ್ಣ ಪರೀಕ್ಷೆ ಮಾಡ್ದೆ. ಕನ್ವರ್ಜ್ ಆಗೋ (ಒಂದು ಸಂಖ್ಯೆಗೆ ಹತ್ರ ಹತ್ರ ಹೋಗೋ) ಪ್ರತಿ ಸೀಕ್ವೆನ್ಸೂ ಬೌಂಡೆಡ್ (ಒಂದು ಮಿತಿ ದಾಟಲ್ಲ) ಅಂತ ಪ್ರೂವ್ ಮಾಡು ಅಂದೆ, ರಿಯಲ್ ಅನಾಲಿಸಿಸ್ ಪುಸ್ತಕದ ಮೊದಲ ಕೆಲವು ಪುಟದಲ್ಲೇ ಬರೋ ಲೆಕ್ಕ. 1/n ತಗೊಂಡ್ಲು, ಇನ್ನೆರಡು ತಗೊಂಡ್ಲು, ಮೂರೂ ಬೌಂಡೆಡ್ ಇದೆ, ಆಯ್ತು ಅಂತ ಪೆನ್ನು ಕೆಳಗಿಟ್ಲು. ಇಂಜಿನಿಯರಿಂಗ್ ಮಾಡಿದೋರಲ್ಲಿ ಹತ್ತಕ್ಕೆ ಒಂಬತ್ತು ಜನ ಮಾಡೋದು ಇದನ್ನೇ, ಇಂಟಿಗ್ರೇಷನ್ನು ಕಣ್ಣು ಮುಚ್ಚಿ ಮಾಡ್ತಾರೆ, ಪ್ರೂಫ್ ಅಂದ್ರೇನು ಅಂತ ಯಾರೂ ಹೇಳ್ಕೊಟ್ಟಿರಲ್ಲ. ಉದಾಹರಣೆ ಎಷ್ಟು ಕೊಟ್ರೂ ಪ್ರೂಫ್ ಆಗಲ್ಲ ಅಂತ ಹೇಳಿ ಐಐಟಿಯೋರ ಆನ್‌ಲೈನ್ ಪಾಠದ ಸೈಟು ಎನ್‌ಪಿಟೆಲಲ್ಲಿ ಫ್ರೀ ಇರೋ ರಿಯಲ್ ಅನಾಲಿಸಿಸ್ ಕೋರ್ಸ್ ನೋಡು ಅಂದೆ. ನೋಡಿದ್ಲು, ಅಸೈನ್‌ಮೆಂಟ್ ಮಾಡಿದ್ಲು, ಈಗ ಬರತ್ತೆ, ಆದ್ರೆ ಇಷ್ಟ ಇಲ್ಲ. "ಮಾಡ್ತೀನಿ, ಖುಷಿಯಾಗೇನೂ ಅಲ್ಲ" ಅಂದ್ಲು. ಇದು ಒಳ್ಳೆ ಮಾಹಿತಿ. ಅಸೆಟ್ ಪ್ರೈಸಿಂಗ್ ಥಿಯರಿ ಇವಳಿಗಲ್ಲ ಅಂತ ಗೊತ್ತಾಯ್ತು, ಕ್ವಾಲಿಫೈಯಿಂಗ್ ದಾಟೋಷ್ಟು ಗಣಿತ ಕಷ್ಟಪಟ್ರೆ ಬರತ್ತೆ ಅಂತಲೂ ಗೊತ್ತಾಯ್ತು.

ಮಾವನ ಓಡಿ ಲಿಮಿಟ್ಟು

ಈಗ ಕೇಸಿನ ತಿರುಳಿಗೆ ಬರ್ತೀನಿ. ಕರಾವಳಿಯೋರಿಗೆ ಇದು ಹೇಳ್ಬೇಕಾಗಿಲ್ಲ, ಬೇರೆಯೋರಿಗೆ ಹೇಳ್ತೀನಿ. ಕೆನರಾ 1906, ಕಾರ್ಪೊರೇಷನ್ 1906, ಸಿಂಡಿಕೇಟ್ 1925, ವಿಜಯಾ 1931, ಈ ನಾಲ್ಕೂ ಹುಟ್ಟಿದ್ದು ಹಳೇ ದಕ್ಷಿಣ ಕನ್ನಡದಲ್ಲೇ. ವಿಜಯಾ 2019ರ ಏಪ್ರಿಲ್ 1ಕ್ಕೆ ಬರೋಡಾಗೆ ಸೇರ್ತು, ಸಿಂಡಿಕೇಟ್ ಕೆನರಾಗೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ 2020ರ ಏಪ್ರಿಲ್ 1ಕ್ಕೆ ಸೇರಿದ್ವು. ಪ್ರಶ್ನೆ ಏನಂದ್ರೆ, ಲೋಕಲ್ ಮ್ಯಾನೇಜರಿಗೆ ಬಾಯಲ್ಲಿ ಗೊತ್ತಿರೋ ವಿಷಯ ವಿಲೀನದಲ್ಲಿ ಕಳೆದುಹೋಗಿ ಸಣ್ಣ ಸಾಲಗಾರರಿಗೆ ಸಾಲ ಕಮ್ಮಿ ಆಯ್ತಾ? ಈ ಥರ ಪ್ರಶ್ನೆಗೆ ದೊಡ್ಡ ಲಿಟರೇಚರೇ ಇದೆ, ನಮ್ಮ ಆರ್‌ಬಿಐ ಗವರ್ನರ್ ಆಗಿದ್ದ ರಘುರಾಮ್ ರಾಜನ್ ಪೀಟರ್ಸನ್ ಜೊತೆ ಸೇರಿ 1994ರಲ್ಲಿ ಜರ್ನಲ್ ಆಫ್ ಫೈನಾನ್ಸಲ್ಲಿ ಬರೆದ ಪೇಪರು, ಸಣ್ಣ ಕಂಪನಿಗೂ ಬ್ಯಾಂಕಿಗೂ ಇರೋ ಸಂಬಂಧದಿಂದ ಏನು ಲಾಭ ಅನ್ನೋದು, ಅದನ್ನ ಓದೋಕೆ ಕೊಟ್ಟೆ. ಮೊದಲ ಸಲ ಓದಿ ಏನೂ ಅರ್ಥ ಆಗ್ಲಿಲ್ಲ ಅಂದ್ಲು, ಇನ್ನೊಂದ್ಸಲ ಓದಿ ಬಂದು ಟೇಬಲ್ಲುಗಳ ಮೇಲೇ ಪ್ರಶ್ನೆ ಕೇಳೋಕೆ ಶುರು ಮಾಡಿದ್ಲು, ನಂಗೆ ಆವಾಗ್ಲೇ ಸ್ವಲ್ಪ ಕುತೂಹಲ ಬಂತು.

ಡೇಟಾ ಹುಡುಕೋದ್ರಲ್ಲಿ ಮೊದಲ ಗೋಡೆ. ಆರ್‌ಬಿಐ ಜಿಲ್ಲಾವಾರು ಠೇವಣಿ, ಸಾಲದ ಅಂಕಿ ಹಾಕತ್ತೆ, ಆದ್ರೆ ಜಿಲ್ಲೆ ಒಳಗೆ ಯಾವ ಬ್ಯಾಂಕು ಎಷ್ಟು ಕೊಟ್ಟಿದೆ ಅಂತ ಅದ್ರಲ್ಲಿ ಸಿಗಲ್ಲ, ಸರ್ಕಾರಿ ಬ್ಯಾಂಕು, ಖಾಸಗಿ ಬ್ಯಾಂಕು ಅಂತ ಗುಂಪಲ್ಲಿ ಇರತ್ತೆ. ಬಹಳ ಜನ ಇಲ್ಲಿಗೇ ನಿಲ್ಲಿಸ್ತಾರೆ, ಡೇಟಾ ಇಲ್ಲ ಸಾರ್ ಅಂತ. ಇವಳು ಒಂದು ವಾರ ಮಾತಾಡ್ಲಿಲ್ಲ, ಆಮೇಲೆ ಆರ್‌ಬಿಐ ಸೈಟಲ್ಲೇ ಇರೋ ಬ್ರಾಂಚ್ ಪಟ್ಟಿ ಹಿಡ್ಕೊಂಡು ಬಂದ್ಲು, ಪ್ರತಿ ಬ್ರಾಂಚಿಗೂ ಬ್ಯಾಂಕಿನ ಹೆಸರು, ಜಿಲ್ಲೆ, ಓಪನ್ ಆದ ತಾರೀಕು ಇದೆ. "ವಿಲೀನಕ್ಕೆ ಮುಂಚೆ ಯಾವ ಜಿಲ್ಲೆಲಿ ನೂರು ಬ್ರಾಂಚಿಗೆ ಎಷ್ಟು ವಿಜಯಾದ್ದು ಇತ್ತು ಅಂತ ಲೆಕ್ಕ ಹಾಕಿದ್ರೆ, ಜಾಸ್ತಿ ಇದ್ದ ಜಿಲ್ಲೆಗೂ ಕಮ್ಮಿ ಇದ್ದ ಜಿಲ್ಲೆಗೂ ಆಮೇಲೆ ಏನು ವ್ಯತ್ಯಾಸ ಆಯ್ತು ನೋಡಬಹುದಲ್ವಾ ಅಣ್ಣ?" ನೋಡಬಹುದು. ಈ ದಾರಿನ ನಾನು ಹೇಳ್ಕೊಟ್ಟಿರ್ಲಿಲ್ಲ, ಅಲ್ಲಿ ತನಕ ಎಕನಾಮೆಟ್ರಿಕ್ಸ್ ಪುಸ್ತಕನೂ ಅವಳು ಅರ್ಧ ಓದಿರ್ಲಿಲ್ಲ.

ಎರಡನೇದು 2020. ಸಿಂಡಿಕೇಟು ಕಾರ್ಪೊರೇಷನ್ನು ಸೇರಿಸ್ಕೊಂಡ್ರೆ ಜಾಸ್ತಿ ಜಿಲ್ಲೆ ಸಿಗತ್ತೆ ಅಂತ ಖುಷಿಲಿದ್ಲು, ಅದನ್ನ ಅವಳೇ ಬಿಟ್ಲು. 2020ರ ಮಾರ್ಚ್ 25ಕ್ಕೆ ಲಾಕ್‌ಡೌನ್, ಏಪ್ರಿಲ್ 1ಕ್ಕೆ ವಿಲೀನ, ಒಂದೇ ವಾರ. ಸಾಲ ಇಳಿದಿದ್ರೆ ಅದು ವಿಲೀನದಿಂದನಾ ಕೊರೋನಾದಿಂದನಾ ಅಂತ ಬ್ರಹ್ಮ ಬಂದ್ರೂ ಹೇಳೋಕಾಗಲ್ಲ. ಹಾಗಾಗಿ ವಿಜಯಾ ಒಂದೇ ಉಳೀತು.

ಮೂರನೇದು ನಂಗೆ ತುಂಬಾ ಇಷ್ಟವಾದ ಘಟನೆ. ಒಂದಿನ ರಾತ್ರಿ ಫೋನು, ಬಳ್ಳಾರಿಲಿ ಸಾಲ ದಬಕ್ಕಂತ ಬಿದ್ದಿದೆ, ಗ್ರಾಫ್ ಕಳಿಸಿದೀನಿ ನೋಡು ಅಂತ. ನಿಜ, ಗೆರೆ ನೆಟ್ಟಗೆ ಕೆಳಗೆ. ನಾನು ಏನೂ ಹೇಳ್ಲಿಲ್ಲ, ಯಾಕಿರಬಹುದು ಅಂತ ಕೇಳ್ದೆ ಅಷ್ಟೇ. ಬೆಳಿಗ್ಗೆ ಮೆಸೇಜು: "2021ರಲ್ಲಿ ವಿಜಯನಗರ ಜಿಲ್ಲೆ ಬೇರೆ ಆಯ್ತಲ್ಲ ಅಣ್ಣ, ಹೊಸಪೇಟೆ ಎಲ್ಲಾ ಅಲ್ಲಿಗೆ ಹೋಯ್ತು, ಎರಡನ್ನೂ ಕೂಡಿಸಿದ್ರೆ ಬಿದ್ದೇ ಇಲ್ಲ." ಜೊತೆಗೆ ದೇಶದಲ್ಲಿ ಆಮೇಲೆ ಒಡೆದ ಬೇರೆ ಜಿಲ್ಲೆಗಳನ್ನೂ ಹುಡುಕಿ ಹಳೇ ಗಡಿಗೆ ಸೇರಿಸೋಕೆ ಶುರು ಮಾಡಿದ್ಲು, ಯಾರೂ ಹೇಳದೇನೇ. ತನ್ನ ಚಂದದ ರಿಸಲ್ಟನ್ನ ತಾನೇ ಅನುಮಾನದಿಂದ ನೋಡಿ ಕೊಂದು ಹಾಕೋದು ಎಷ್ಟು ಜನಕ್ಕೆ ಬರತ್ತೆ ಹೇಳಿ? ಅಡ್ಮಿಷನ್ ಇಂಟರ್‌ವ್ಯೂಲಿ ಇದನ್ನ ಪತ್ತೆ ಹಚ್ಚೋಕೆ ನಾವು ತಲೆ ಕೆಳಗೆ ಮಾಡಿದ್ರೂ ಆಗಲ್ಲ, ಇಲ್ಲಿ ತಾನಾಗೇ ಕಂಡ್ತು.

ಬೈಸಿಕೊಳ್ಳೋ ಶಕ್ತಿ

ಫೈನಾನ್ಸ್ ಸೆಮಿನಾರಲ್ಲಿ ಎರಡನೇ ಸ್ಲೈಡಿಗೇ ಕೈ ಎತ್ತಿ ನಿಲ್ಲಿಸ್ತಾರೆ, ಮುಗಿಯೋ ತನಕ ಸುಮ್ನಿರೋ ಸಂಪ್ರದಾಯ ಇಲ್ಲ. ಅದಕ್ಕೇ ನಮ್ಮಲ್ಲಿ ಪಿಎಚ್‌ಡಿ ಮಾಡ್ತಿರೋ ಕೆಲವು ಹುಡುಗರನ್ನ ಜೂಮಲ್ಲಿ ಕೂರಿಸಿ ಇವಳ ಕೈಲಿ ಪ್ರೆಸೆಂಟ್ ಮಾಡಿಸ್ದೆ, ತಂಗಿ ಅಂತ ದಾಕ್ಷಿಣ್ಯ ಬೇಡ ಅಂತಲೂ ಹೇಳಿದ್ದೆ. ಅವರು ಮಾಡ್ಲೂ ಇಲ್ಲ. ಒಬ್ಬ ಕೇಳ್ದ, ವಿಲೀನದ ಘೋಷಣೆ ಬಂದಿದ್ದು 2018ರ ಸೆಪ್ಟೆಂಬರ್, ಐಎಲ್ ಅಂಡ್ ಎಫ್ಎಸ್ ಅನ್ನೋ ದೊಡ್ಡ ಫೈನಾನ್ಸ್ ಕಂಪನಿ ಮುಳುಗಿ ಎನ್‌ಬಿಎಫ್‌ಸಿಗಳಿಗೆ (ಬ್ಯಾಂಕಲ್ಲದ ಸಾಲದ ಕಂಪನಿಗಳಿಗೆ) ದುಡ್ಡು ಸಿಗದೇ ಹೋಗಿದ್ದೂ ಅದೇ ತಿಂಗಳು, ನಿಮ್ಮ ಕರಾವಳಿ ಜಿಲ್ಲೆಗಳಲ್ಲಿ ಎನ್‌ಬಿಎಫ್‌ಸಿ ಸಾಲ ಜಾಸ್ತಿ ಇದ್ರೆ? ಇನ್ನೊಬ್ಬಳು, ಬ್ಯಾಂಕ್ ಹುಟ್ಟಿದ ಜಿಲ್ಲೆ ಬೇರೆ ಜಿಲ್ಲೆ ಥರ ಇರಲ್ಲ, ಉಡುಪಿಲಿ ಮೊದಲಿಂದ್ಲೂ ಠೇವಣಿ ರಾಶಿ, ಸಾಲ ಕಮ್ಮಿ, ಗಲ್ಫ್ ದುಡ್ಡು ಬೇರೆ, ಇದನ್ನ ಯಾವುದಕ್ಕೆ ಹೋಲಿಸ್ತೀರಿ ಅಂದ್ಲು. ತಂಗಿ ಮೊದಲನೇದಕ್ಕೆ ತಡವರಿಸಿದ್ಲು, ಎರಡನೇದಕ್ಕೆ "ನಂಗೆ ಗೊತ್ತಿಲ್ಲ, ಯೋಚನೆ ಮಾಡಿಲ್ಲ" ಅಂದ್ಲು. ಮುಖ ಸಪ್ಪೆ ಆಗಿತ್ತು. ಆಮೇಲೆ ನನಗೆ ಫೋನ್ ಮಾಡಿ ಅಳ್ತಾಳೇನೋ ಅಂದ್ಕೊಂಡಿದ್ದೆ, ಮಾಡಿದ್ಲು, ಆದ್ರೆ ಆ ಎರಡನೇ ಹುಡುಗಿ ನಂಬರ್ ಕೇಳೋಕೆ.

ಕಷ್ಟ ಆಗಿದ್ದು ಬರೆಯೋದ್ರಲ್ಲಿ. ಇಷ್ಟೆಲ್ಲಾ ಮಾಡಿದ್ನ ನಾಲ್ಕು ಪುಟದಲ್ಲಿ ಬರ್ಕೊಡು ಅಂದ್ರೆ ವಾರಗಟ್ಟಲೆ ಮುಂದೂಡಿದ್ಲು, ಬಂದಿದ್ದೂ ಆಫೀಸ್ ಪಿಪಿಟಿ ಥರ, ಬುಲೆಟ್ಟು ಬುಲೆಟ್ಟು, ಒಂದು ವಾಕ್ಯಕ್ಕೂ ಮುಂದಿನ ವಾಕ್ಯಕ್ಕೂ ಸಂಬಂಧ ಇಲ್ಲ. ಪಿಎಚ್‌ಡಿ ಕೊನೆಲಿ ಕೆಲಸ ಸಿಗೋದು ಜಾಬ್ ಮಾರ್ಕೆಟ್ ಪೇಪರ್ ಅನ್ನೋ ಒಂದೇ ಒಂದು ಪೇಪರಿನ ಮೇಲೆ, ಅಷ್ಟು ವರ್ಷದ ದುಡಿಮೆ ಅದರ ಇಂಟ್ರೊಡಕ್ಷನ್ನಿನ ಐದಾರು ಪುಟದಲ್ಲಿ ಕಾಣ್ಬೇಕು. ಈ ವಿಷಯದಲ್ಲಿ ಇವಳು ಇವತ್ತಿಗೂ ಹಿಂದೆ ಇದಾಳೆ, ಮುಚ್ಚಿಡೋಕೆ ಹೋಗಲ್ಲ.

ಮನೆ ಮಾತು, ದುಡ್ಡಿನ ಮಾತು

ಚಿಕ್ಕಮ್ಮ ಕೇಳಿದ್ದು ಒಂದೇ, "ಈಗ 28, ಐದು ವರ್ಷ ಅಂದ್ರೆ 33 ಆಯ್ತು, ಮದುವೆ ಯಾವಾಗ ಮಾರಾಯ?" ಇದಕ್ಕೆ ನಗಾಡೋರನ್ನ ಕಂಡ್ರೆ ನಂಗಾಗಲ್ಲ. ಐದಾರು ವರ್ಷ ಅಮೆರಿಕಾದ ಯಾವುದೋ ಯೂನಿವರ್ಸಿಟಿ ಊರಲ್ಲಿ, ಆಮೇಲೆ ಕೆಲಸ ಎಲ್ಲಿ ಸಿಗತ್ತೋ ಆ ಊರಿಗೆ, ಊರು ನಾವು ಆರಿಸೋದಲ್ಲ, ಇದು ಮದುವೆ ಆಗೋರಿಗೂ ಆಗದೇ ಇರೋರಿಗೂ ನಿಜವಾದ ಲೆಕ್ಕ. ತಂಗಿ ಅಮ್ಮನ ಹತ್ರ ಕೂತು ಮಾತಾಡಿದ್ಲು, ಏನು ಮಾತಾಯ್ತು ಅಂತ ನಂಗೂ ಪೂರ್ತಿ ಹೇಳಿಲ್ಲ.

ದುಡ್ಡಿನ ವಿಷಯಕ್ಕೆ ಬಂದ್ರೆ, ಇಲ್ಲಿ ಜೆಆರ್‌ಎಫ್ (ಸರ್ಕಾರ ಕೊಡೋ ರಿಸರ್ಚ್ ಫೆಲೋಶಿಪ್) ಸಿಕ್ರೆ ತಿಂಗಳಿಗೆ 37,000, 2023ರ ಜನವರಿಯಿಂದ ಆ ರೇಟು, ಐಐಎಂಗಳಲ್ಲಿ ಅವರದ್ದೇ ಫೆಲೋಶಿಪ್ ಇರತ್ತೆ. ಮೊದಲು ಅವರು ಎಫ್‌ಪಿಎಂ (ಫೆಲೋ ಪ್ರೋಗ್ರಾಂ) ಅಂತಿದ್ರು, 2017ರ ಐಐಎಂ ಕಾಯ್ದೆ ಬಂದ್ಮೇಲೆ ಪಿಎಚ್‌ಡಿ ಡಿಗ್ರಿನೇ ಕೊಡ್ತಾರೆ. ಮುಗಿದ್ಮೇಲೆ ಯುಜಿಸಿ ಸ್ಕೇಲಿನ ಅಸಿಸ್ಟೆಂಟ್ ಪ್ರೊಫೆಸರಿಗೆ ಶುರುವಿನ ಬೇಸಿಕ್ 57,700, ಐಐಎಂಲಿ ಗ್ರೇಡ್ ಒಂದಕ್ಕೆ 1,01,500. ಅಮೆರಿಕಾದಲ್ಲಿ ಬೇರೆ ಸಬ್ಜೆಕ್ಟುಗಳಿಗೆ ಹೋಲಿಸಿದ್ರೆ ಫೈನಾನ್ಸ್ ಪ್ರೊಫೆಸರುಗಳಿಗೆ ಸಂಬಳ ಚೆನ್ನಾಗೇ ಇದೆ, ಆದ್ರೆ ಅದು ಸಿಕ್ಕೋರಿಗೆ. ತಂಗಿಗೆ ಮನೆ ಸಾಲ ಇಲ್ಲ, ಅಪ್ಪನಿಗೆ ಪೆನ್ಷನ್ ಇದೆ, ಇವಳ ಸಂಬಳಕ್ಕೆ ಯಾರೂ ಕಾಯ್ತಿಲ್ಲ. ಇದೇ ಕೇಸಲ್ಲಿ ಇಎಂಐ ಇದ್ದಿದ್ರೆ, ತಮ್ಮನ ಫೀಸ್ ಕಟ್ಟೋದಿದ್ದಿದ್ರೆ ನನ್ನ ಉತ್ತರ ಬೇರೆನೇ ಆಗ್ತಿತ್ತು, ತಲೆ ಎಷ್ಟೇ ಚುರುಕಿದ್ರೂ.

ತೀರ್ಮಾನ

ಅವಳಿಗೆ ನಾನು ಹೇಳಿದ್ದು ಇಷ್ಟು. ನಿಂಗಿದು ಆಗತ್ತೆ, ಫೈನಾನ್ಸಲ್ಲೂ ಬ್ಯಾಂಕಿಂಗ್ ಕಡೆ, ಡೇಟಾ ಕೆಲಸದ ಕಡೆ. ಆದ್ರೆ ಈ ಡಿಸೆಂಬರಿಗೆ ಅಪ್ಲೈ ಮಾಡ್ಬೇಡ. ಕಾರಣ ರೆಕಮೆಂಡೇಷನ್ ಲೆಟರ್ರು. ಮೂರು ಲೆಟರ್ ಬೇಕು, ಇವಳ ಹತ್ರ ಇರೋದು ಇಬ್ಬರು ಮ್ಯಾನೇಜರ್ ಮತ್ತೆ ಇವಳ ಮುಖ ಮರೆತಿರೋ ಒಬ್ಬ ಇಂಜಿನಿಯರಿಂಗ್ ಲೆಕ್ಚರರ್ರು. ಮ್ಯಾನೇಜರ್ ಎಷ್ಟು ಹೊಗಳಿದ್ರೂ ಕಮಿಟಿಲಿ ಅದನ್ನ ಯಾರೂ ಲೆಕ್ಕಕ್ಕೆ ತಗೊಳಲ್ಲ, ಅವರಿಗೆ ಬೇಕಿರೋದು ಇವಳು ರಿಸರ್ಚ್ ಮಾಡೋದನ್ನ ಹತ್ರದಿಂದ ನೋಡಿರೋ ಪ್ರೊಫೆಸರ್ ಮಾತು. ನಾನು ಅಣ್ಣ, ನಾನು ಬರೆಯೋಕಾಗಲ್ಲ.

ಇದಕ್ಕಿರೋ ದಾರಿ ರಿಸರ್ಚ್ ಅಸಿಸ್ಟೆಂಟ್ ಕೆಲಸ. ಈಗ ಅಮೆರಿಕಾದಲ್ಲೂ ಪ್ರಿಡಾಕ್ ಅಂತ ಇದೇ ರೂಢಿ ಆಗಿದೆ, ಒಂದೆರಡು ವರ್ಷ ಪ್ರೊಫೆಸರ್ ಕೈಕೆಳಗೆ ದುಡಿದು ಆಮೇಲೆ ಅಪ್ಲೈ ಮಾಡೋದು. ತಂಗಿ ಹತ್ತಾರು ಕಡೆ ಮೇಲ್ ಹಾಕಿದ್ಲು, ಮೇಲಲ್ಲಿ ಸಿಎಫ್ಎ ಬಗ್ಗೆ ಒಂದು ಸಾಲು, ವಿಜಯಾ ಬ್ಯಾಂಕ್ ಕೆಲಸದ ಬಗ್ಗೆ ನಾಲ್ಕು ಸಾಲು. ಬಹಳ ಜನ ಉತ್ತರನೇ ಕೊಡ್ಲಿಲ್ಲ. ಬ್ಯಾಂಕಿಂಗಲ್ಲೇ ಕೆಲಸ ಮಾಡೋ ಒಬ್ಬ ಪ್ರೊಫೆಸರ್ ಕರೆದು ಬಳ್ಳಾರಿ ಗ್ರಾಫ್ ಬಗ್ಗೆ ಅರ್ಧ ಗಂಟೆ ಪ್ರಶ್ನೆ ಕೇಳಿ ತಗೊಂಡ್ರು. ಸಂಬಳ ಮೊದಲಿದ್ದಿದ್ದರ ಅರ್ಧಕ್ಕಿಂತ ಕಮ್ಮಿ. ಬ್ಯಾಂಕಿನ ಕೆಲಸ ಬಿಡೋ ದಿನ ಮ್ಯಾನೇಜರ್ ಒಂದು ವರ್ಷ ರಜೆ ಕೊಡಿಸ್ತೀನಿ, ಯೋಚನೆ ಮಾಡು ಅಂದ್ರಂತೆ, ಆ ಸೌಜನ್ಯ ದೊಡ್ಡದು, ಇವಳು ಬೇಡ ಅಂದ್ಲು.

ವಿಜಯಾ ಪ್ರಶ್ನೆಗೆ ಉತ್ತರ ಇನ್ನೂ ಸಿಕ್ಕಿಲ್ಲ. ಅವಳ ಲೆಕ್ಕದಲ್ಲಿ ಸಣ್ಣ ಇಳಿಕೆ ಕಾಣತ್ತೆ, ಐಎಲ್ ಅಂಡ್ ಎಫ್ಎಸ್ ತೆಗೆದ್ರೆ ಉಳಿಯತ್ತಾ ಇಲ್ವಾ ಅಂತ ಗಟ್ಟಿಯಾಗಿ ಹೇಳೋಕಾಗಲ್ಲ. ಎಸ್ಎಲ್‌ಬಿಸಿ (ರಾಜ್ಯಮಟ್ಟದ ಬ್ಯಾಂಕರುಗಳ ಸಮಿತಿ) ಮೀಟಿಂಗ್ ಪಿಡಿಎಫ್‌ಗಳಲ್ಲಿ ಬ್ಯಾಂಕುವಾರು ಅಂಕಿ ಇರತ್ತೆ ಅಂತ ಹುಡುಕಿ ಕೈಯಲ್ಲೇ ಎಂಟ್ರಿ ಮಾಡ್ತಿದಾಳೆ, ಕೆಲವು ಪುಟ ಓರೆಯಾಗಿ ಸ್ಕ್ಯಾನ್ ಆಗಿದೆ ಅಂತ ಬೈಕೊಂಡು. ಮಾವನ ಲಿಮಿಟ್ ಆಮೇಲೆ ರಿನ್ಯೂ ಆಯ್ತು. ಮುಂದಿನ ಡಿಸೆಂಬರಿಗೆ ಹಾಕೋ ಪಟ್ಟಿಲಿ ಮೊದಲು ಹೆಸರು ನೋಡಿ ಸೇರಿಸಿದ್ದ ಅರ್ಧಕ್ಕರ್ಧ ಸ್ಕೂಲು ಹೊಡೆದು ಹಾಕಿದಾಳೆ, ಬ್ಯಾಂಕಿಂಗ್ ಮಾಡೋ ಇಬ್ಬರಾದ್ರೂ ಪ್ರೊಫೆಸರ್ ಇಲ್ಲದ ಕಡೆ ಹೋಗಿ ಏನ್ ಮಾಡ್ಲಿ ಅಂತಾಳೆ. ಐಐಎಂ ಬೆಂಗಳೂರು ಪಟ್ಟಿಲಿ ಉಳ್ಕೊಂಡಿದೆ, ಅದಕ್ಕೆ ಚಿಕ್ಕಮ್ಮನ ವೋಟೂ ಇದೆ.